ಅರ್ಧ ಟಿಕೆಟ್

ನಮ್ಮಮ್ಮನ ಬಳಿ ಹಳೆಯದೊಂದು ಬಿಸ್ಕತ್ತಿನ ಡಬ್ಬಿ ಇದೆ. ಅದರಲ್ಲಿ ಚಿನ್ನವಿಲ್ಲ, ಬೆಳ್ಳಿಯಿಲ್ಲ. ರೇಷನ್ ಕಾರ್ಡಿನ ನಕಲು, ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ವಿಭೂತಿ ಪೊಟ್ಟಣ, ಯಾರದೋ ಮದುವೆಯ ಲಗ್ನಪತ್ರಿಕೆ, ಇಂಥವೇ. ಇವುಗಳ ತಳದಲ್ಲಿ ನಾಲ್ಕು ಮಡಿಕೆ ಮಾಡಿಟ್ಟ ಒಂದು ಹಾಳೆ. 2020ರ ಏಪ್ರಿಲ್ ತಿಂಗಳಿಗೆ ಕಾಶಿಯ ಕಡೆಗೆ ಹೊರಡಬೇಕಾಗಿದ್ದ ರೈಲಿನ ಟಿಕೆಟ್ಟು ಅದು. ಪ್ರಯಾಣಿಕರು ಮೂವರು. ನನ್ನ ತಮ್ಮ, ಅಮ್ಮ ಮತ್ತು ಮೊಳಕಾಲ್ಮೂರಿನ ದೊಡ್ಡಮ್ಮ. ಹೆಂಗಸರಿಬ್ಬರಿಗೂ ಹಿರಿಯ ನಾಗರಿಕರ ರಿಯಾಯಿತಿ. ರೈಲು ಹೊರಡಲಿಲ್ಲ. ಹಣ ಪೂರ್ತಿ ವಾಪಸು ಬಂತು. ಹಾಳೆ ಮಾತ್ರ ಡಬ್ಬಿಯಲ್ಲಿ ಉಳಿಯಿತು.

ಡಬ್ಬಿ ತೆಗೆದಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆ ಒಂದಿದೆ. ಊರಿಗೆಲ್ಲ ರೋಗ ಬಂದು, ಜಗತ್ತು ಬಾಗಿಲು ಹಾಕಿ, ಮತ್ತೆ ತೆರೆದಾಗ ನಾವು ಹೊರಗೆ ಹೋಗಿಬರುವ ಖರ್ಚು ಏನಾಗುತ್ತದೆ? ಏರುತ್ತದೆಯೋ, ಇಳಿಯುತ್ತದೆಯೋ? ಯಾರಿಗೆ ಏರುತ್ತದೆ, ಯಾರಿಗೆ ಇಳಿಯುತ್ತದೆ? ಇದು ಅರ್ಥಶಾಸ್ತ್ರ ಓದಿದವರ ಕೆಲಸವೆಂದು ಬಲ್ಲೆ. ಆದರೆ ಹಾಲಿನ ಲೆಕ್ಕ, ಗ್ಯಾಸಿನ ಲೆಕ್ಕ ಬರೆದು ರೂಢಿಯಿರುವ ಹೆಂಗಸರಿಗೆ ಬಸ್ಸಿನ ಲೆಕ್ಕ ಬಾರದೆ ಹೋಗುವುದಿಲ್ಲ.

ನಮ್ಮ ಚಳ್ಳಕೆರೆ, ಮೊಳಕಾಲ್ಮೂರುಗಳ ಸೀಮೆ ಬಯಲುಸೀಮೆ. ಮಳೆ ಕಡಿಮೆ, ಶೇಂಗಾ ಹೆಚ್ಚು. ಹೊರಗಿನವರು ಇತ್ತ ಬರುವುದಿದ್ದರೆ ಎಣ್ಣೆಯ ವ್ಯಾಪಾರಕ್ಕೆ ಇಲ್ಲವೆ ಮೊಳಕಾಲ್ಮೂರು ಸೀರೆಗೆ. ಪ್ರವಾಸಕ್ಕೆಂದು ಯಾರಾದರೂ ಇಲ್ಲಿಗೆ ಬರುತ್ತಾರೆಯೇ ಎಂದು ನಗುವವರಿದ್ದಾರೆ. ಅಂಥವರಿಗೆ ನಾನು ಬ್ರಹ್ಮಗಿರಿಯ ಬಂಡೆಯನ್ನು ತೋರಿಸುತ್ತೇನೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಬಿ.ಎಲ್. ರೈಸ್ ಅವರು ಇವನ್ನು 1892ರಲ್ಲಿ ಬೆಳಕಿಗೆ ತಂದರು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಆ ಬರಹದಲ್ಲಿ 256 ಎಂಬ ಸಂಖ್ಯೆಯೊಂದು ಬರುತ್ತದೆ. ರಾಜನು ಪ್ರಯಾಣದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎಂದು ವಿದ್ವಾಂಸರು ಅರ್ಥ ಹೇಳುತ್ತಾರೆ. ಮನೆ ಬಿಟ್ಟು ಎಷ್ಟು ರಾತ್ರಿಯಾಯಿತೆಂದು ಎಣಿಸುವುದು ಚಕ್ರವರ್ತಿಗೂ ತಪ್ಪಿರಲಿಲ್ಲ ನೋಡಿ! ಖರ್ಚೆಷ್ಟಾಯಿತೆಂದು ಮಾತ್ರ ಅವನು ಬರೆಸಿಲ್ಲ. ಅದನ್ನು ಕೊಟ್ಟವರು ದಾರಿಯ ಊರಿನವರೇ ಇರಬೇಕು.

ನಮ್ಮ ಹೆಂಗಸರ ಪ್ರಯಾಣಕ್ಕೆ ಇಷ್ಟು ದೊಡ್ಡ ಚರಿತ್ರೆಯಿಲ್ಲ. ಅವರಿಗಿದ್ದ ದಾರಿಗಳು ಎರಡೇ, ತವರು ಮತ್ತು ಜಾತ್ರೆ. ನಾಯಕನಹಟ್ಟಿಯ ತೇರಿಗೆ ಬಂಡಿ ಕಟ್ಟುತ್ತಿದ್ದ ಕಾಲವನ್ನು ದೊಡ್ಡಮ್ಮ ಬಾಯಿತುಂಬ ಹೇಳುತ್ತಿದ್ದರು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಸುಡಲು ಒಣಕೊಬ್ಬರಿ, ಎತ್ತಿಗೆ ಮೇವು. ದುಡ್ಡು ಬೇಕಾಗುತ್ತಿದ್ದುದು ಬಳೆಗೆ ಮತ್ತು ಬತ್ತಾಸಿಗೆ ಮಾತ್ರ. ಆದರೂ ಆ ಪ್ರಯಾಣ ಪುಕ್ಕಟೆಯಾಗಿರಲಿಲ್ಲ. ಹೊರಡುವ ಮೊದಲು ಅತ್ತೆಯ ಅಪ್ಪಣೆ, ಗಂಡನ ಅಪ್ಪಣೆ, ಬಂದ ಮೇಲೆ ಎರಡು ದಿನದ ರಾಶಿ ಕೆಲಸ. ಬಸ್ಸು ಬಂದ ಮೇಲೆ ಈ ಅಪ್ಪಣೆಯ ಜೊತೆಗೆ ಟಿಕೆಟ್ಟಿನ ದುಡ್ಡನ್ನೂ ಕೇಳಬೇಕಾಯಿತು. ಚಳ್ಳಕೆರೆಯಿಂದ ಮೊಳಕಾಲ್ಮೂರು ಐವತ್ತು ಕಿಲೋಮೀಟರಿನ ಆಸುಪಾಸು. ತಳಕು ದಾಟಿ, ಹಾನಗಲ್ಲಿನಲ್ಲಿ ತಿರುಗಿದರೆ ತವರು ಬಂದೇಬಿಟ್ಟಿತು. ಇಷ್ಟು ಹತ್ತಿರದ ತವರಿಗೆ ಅಮ್ಮ ವರ್ಷಕ್ಕೆ ಎರಡು ಸಲ ಹೋದರೆ ಹೆಚ್ಚು.

ರೋಗಕ್ಕೂ ಪ್ರಯಾಣಕ್ಕೂ ನಂಟು ನಮ್ಮ ಕಡೆ ಹೊಸದಲ್ಲ. ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಈಗಲೂ ಜನ ಸಾಗರವಾಗಿ ಬರುತ್ತಾರೆ, ಈರುಳ್ಳಿ ತೂರಿ ಹರಕೆ ತೀರಿಸುತ್ತಾರೆ. ಮಾರಿ ಎಂದರೆ ರೋಗ ತರುವವಳೂ ಹೌದು, ಕಾಯುವವಳೂ ಹೌದು. 1896ರಲ್ಲಿ ಬೊಂಬಾಯಿಗೆ ಬಂದ ಪ್ಲೇಗು 1898ರಲ್ಲಿ ಬೆಂಗಳೂರು ಮುಟ್ಟಿತು. ಅದು ಬಂದದ್ದು ರೈಲಿನ ದಾರಿ ಹಿಡಿದು. ಪ್ಲೇಗು ಬಂತೆಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಥೆಯನ್ನು ಕೇಳದ ಮನೆ ನಮ್ಮಲ್ಲಿ ಕಡಿಮೆ. ಆಗ ಬ್ರಿಟಿಷ್ ಸರ್ಕಾರ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ರೈಲಿನಲ್ಲಿ ಬರುವವರನ್ನು ತಡೆದು ಪರೀಕ್ಷಿಸುವ ಅಧಿಕಾರ ಅದರಲ್ಲಿತ್ತು. ಆಶ್ಚರ್ಯವೆಂದರೆ 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಕರ್ನಾಟಕ ಸರ್ಕಾರ ನಿಯಮಗಳನ್ನು ಹೊರಡಿಸಿದ್ದು ಅದೇ ಕಾಯ್ದೆಯ ಕೆಳಗೆ. ಮುತ್ತಜ್ಜಿಯ ಕಾಲದ ಕಾನೂನು ಮೊಮ್ಮಕ್ಕಳ ಕಾಲಕ್ಕೂ ಒದಗಿತು.

2020ರ ಮಾರ್ಚ್ 17ಕ್ಕೆ ಚಿತ್ರದುರ್ಗದ ಕೋಟೆಯೂ ಸೇರಿ ಪುರಾತತ್ವ ಇಲಾಖೆಯ ಸ್ಮಾರಕಗಳೆಲ್ಲ ಮುಚ್ಚಿದವು. 20ಕ್ಕೆ ರೈಲ್ವೆಯವರು ಹಿರಿಯ ನಾಗರಿಕರ ರಿಯಾಯಿತಿಯನ್ನು ನಿಲ್ಲಿಸಿದರು. ವಯಸ್ಸಾದವರು ಅನಾವಶ್ಯಕವಾಗಿ ತಿರುಗಾಡದಿರಲಿ ಎಂಬುದು ಅವರು ಕೊಟ್ಟ ಕಾರಣ. 22ಕ್ಕೆ ಜನತಾ ಕರ್ಫ್ಯೂ, 25ರಿಂದ ದೇಶವೇ ಬಂದ್. ದೊಡ್ಡಮ್ಮನ ಮನೆಯಲ್ಲಿ ಮಗ್ಗ ನಿಂತಿತು. ಮದುವೆಗಳೇ ಇಲ್ಲದ ಮೇಲೆ ರೇಷ್ಮೆ ಸೀರೆ ಯಾರಿಗೆ? 2011ರಲ್ಲಿ ಭೌಗೋಳಿಕ ಗುರುತು ಪಡೆದು ಹೆಸರಾದ ಸೀರೆ, ಕೊಳ್ಳುವವರು ಊರಿಗೆ ಬಂದರಷ್ಟೆ ಅನ್ನವಾಗುತ್ತದೆ. ಪ್ರಯಾಣ ನಿಂತರೆ ಪ್ರಯಾಣಿಕರಿಗಿಂತ ಮೊದಲು ಹಸಿಯುವವರು ದಾರಿ ಕಾಯುವವರು. ಇದನ್ನು ನಾವು ಆ ವರ್ಷ ಕಣ್ಣಾರೆ ಕಂಡೆವು.

ದೊಡ್ಡಮ್ಮ ಮಾತ್ರ ಫೋನಿನಲ್ಲಿ ನಗುತ್ತಲೇ ಇದ್ದರು. ಟಿಕೆಟ್ಟು ತೆಗೆಸಿದ ದಿನ ಅವರು ಹೇಳಿದ ಮಾತು ನಮ್ಮ ಮನೆಯಲ್ಲಿ ಗಾದೆಯಾಗಿದೆ. "ಅಲ್ಲ ಕಣೇ, ಚಿಕ್ಕೋರಿದ್ದಾಗ ಅರ್ಧ ಟಿಕೀಟು, ಮುದುಕೀರಾದ ಮೇಲೂ ಅರ್ಧ ಟಿಕೀಟು. ಪೂರಾ ಟಿಕೀಟಿನ ವಯಸ್ಸಲ್ಲಿ ನಮ್ಮನ್ನ ಯಾರೂ ಎಲ್ಲಿಗೂ ಕರಕೊಂಡು ಹೋಗಲಿಲ್ಲ!" ಆಗ 58 ವರ್ಷ ದಾಟಿದ ಹೆಂಗಸರಿಗೆ ರೈಲಿನಲ್ಲಿ ನೂರಕ್ಕೆ ಐವತ್ತು ರಿಯಾಯಿತಿ, 60 ದಾಟಿದ ಗಂಡಸರಿಗೆ ನಲವತ್ತು. ಹೆಂಗಸಾಗಿ ಹುಟ್ಟಿದ್ದಕ್ಕೆ ಹೆಚ್ಚು ಸಿಕ್ಕಿದ್ದು ಇದೊಂದೇ ಎಂದು ಅಕ್ಕತಂಗಿಯರಿಬ್ಬರೂ ಹೇಳಿಕೊಂಡು ನಗುತ್ತಿದ್ದರು.

ಇನ್ನು ಬಾಗಿಲು ತೆರೆದ ಮೇಲಿನ ಕಥೆ. 2020ರ ಮೇ 19ರಂದು ನಮ್ಮ ಸಾರಿಗೆ ಬಸ್ಸುಗಳು ಮತ್ತೆ ಹೊರಟವು. ಒಂದು ಬಸ್ಸಿಗೆ ಮೂವತ್ತೇ ಜನ, ದರ ಮಾತ್ರ ಮೊದಲಿನದೇ. ಫೆಬ್ರವರಿಯಲ್ಲಷ್ಟೇ ನೂರಕ್ಕೆ 12ರಷ್ಟು ಏರಿಸಿದ್ದರಿಂದ ಮತ್ತೆ ಏರಿಸುವ ಹಾಗಿರಲಿಲ್ಲ. ಒಂದು ಬಸ್ಸಿನ ಡೀಸೆಲ್ಲು, ಡ್ರೈವರು, ಕಂಡಕ್ಟರು ಮೂವತ್ತು ಜನಕ್ಕೂ ಅಷ್ಟೇ, ಅರವತ್ತು ಜನಕ್ಕೂ ಅಷ್ಟೇ. ಹತ್ತು ಜನಕ್ಕೆ ಮಾಡಿದ ಸಾರನ್ನು ಐವರಿಗೆ ಬಡಿಸಿದರೆ ಒಲೆಯ ಖರ್ಚು ಅರ್ಧವಾಗುತ್ತದೆಯೇ? ಇಂದು ತುಂಬದ ನಷ್ಟವನ್ನು ನಾಳೆ ಯಾರಾದರೂ ತುಂಬಲೇಬೇಕು. ಆ ನಾಳೆ ತಡವಾಗಿ ಬಂತು. 2025ರ ಜನವರಿ 5ರಿಂದ ಬಸ್ ದರ ನೂರಕ್ಕೆ 15ರಷ್ಟು ಏರಿತು.

ಖಾಸಗಿ ಬಸ್ಸಿನವರಿಗೆ, ಟೆಂಪೊ ಇಟ್ಟವರಿಗೆ ನಾಳೆಯವರೆಗೆ ಕಾಯುವ ತ್ರಾಣವಿರಲಿಲ್ಲ. ಗಾಡಿ ನಿಂತಲ್ಲೇ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ನಮ್ಮ ಬೀದಿಯಲ್ಲೇ ಒಬ್ಬರು ಟೆಂಪೊ ಮಾರಿ ತರಕಾರಿ ಗಾಡಿ ಹಾಕಿದರು. ಜನ ಮತ್ತೆ ಹೊರಡಲು ಶುರುಮಾಡಿದಾಗ ಗಾಡಿಗಳು ಕಡಿಮೆ, ಹೋಗುವವರು ಹೆಚ್ಚು. ಎರಡು ವರ್ಷ ತಡೆದಿಟ್ಟ ಹರಕೆ, ಮದುವೆ, ಮುಡಿ ಎಲ್ಲವೂ ಒಟ್ಟಿಗೆ ನುಗ್ಗಿದವು. ಅದರ ಮೇಲೆ ಎಣ್ಣೆ. 2021ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಡೀಸೆಲ್ ಲೀಟರಿಗೆ 100 ರೂಪಾಯಿ ದಾಟಿತು. ನವೆಂಬರಿನಲ್ಲಿ ಕೇಂದ್ರ ಸರ್ಕಾರ 10 ರೂಪಾಯಿ, ರಾಜ್ಯ ಸರ್ಕಾರ 7 ರೂಪಾಯಿ ತೆರಿಗೆ ಇಳಿಸಿದ ಮೇಲೆ ಕೊಂಚ ತಗ್ಗಿತು. ಡೀಸೆಲ್ ತಗ್ಗಿತೆಂದು ಬಾಡಿಗೆ ತಗ್ಗಿಸಿದ ಕಾರಿನವರನ್ನು ಮಾತ್ರ ನಾನು ಕಾಣಲಿಲ್ಲ.

ರೈಲಿನ ಕಥೆ ಇನ್ನೂ ವಿಚಿತ್ರ. ರೈಲುಗಳು ಮರಳಿ ಬಂದದ್ದು 'ವಿಶೇಷ ರೈಲು' ಎಂಬ ಹೆಸರಿನಲ್ಲಿ. ಹೆಸರು ವಿಶೇಷವಾದರೆ ದರವೂ ವಿಶೇಷವೇ. ನಿಲ್ದಾಣ ನಿಲ್ದಾಣಕ್ಕೂ ನಿಲ್ಲುತ್ತಿದ್ದ ಪ್ಯಾಸೆಂಜರ್ ರೈಲುಗಳಿಗೂ ಎಕ್ಸ್‌ಪ್ರೆಸ್ಸಿನ ದರ ಹಾಕಿದ್ದರಿಂದ 10 ರೂಪಾಯಿಯ ಕನಿಷ್ಠ ಟಿಕೆಟ್ಟು 30 ಆಯಿತು. ಚಿಕ್ಕಜಾಜೂರು, ರಾಯದುರ್ಗದ ದಾರಿಯಲ್ಲಿರುವ ಚಳ್ಳಕೆರೆಯಂಥ ಊರುಗಳಿಂದ ಸಂತೆಗೆ ಹೋಗುವವರಿಗೆ ಆ 20 ರೂಪಾಯಿ ಸಣ್ಣದಲ್ಲ. 2021ರ ನವೆಂಬರಿನಲ್ಲಿ 'ವಿಶೇಷ' ಎಂಬ ಹಣೆಪಟ್ಟಿ ಹೋಗುವಂತೆ ಆದೇಶವಾಯಿತು, ಆದರೆ ಕನಿಷ್ಠ ದರ ಮತ್ತೆ 10 ರೂಪಾಯಿಗೆ ಇಳಿದದ್ದು 2024ರ ಫೆಬ್ರವರಿಯಲ್ಲಿ. ಹಿರಿಯರ ರಿಯಾಯಿತಿಯಂತೂ 2025 ಮುಗಿಯುವವರೆಗೂ ಮರಳಿ ಬರಲಿಲ್ಲ. ರೋಗದ ಭಯಕ್ಕೆ ತೆಗೆದದ್ದು, ರೋಗ ಹೋದರೂ ಬರಲಿಲ್ಲ.

ಉಳಿಯುವ ಕೋಣೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ದಿನಕ್ಕೆ ಸಾವಿರ ರೂಪಾಯಿಯೊಳಗಿನ ಕೋಣೆಗೆ ಮೊದಲು ಜಿಎಸ್‌ಟಿ ಇರಲಿಲ್ಲ. 2022ರ ಜುಲೈ 18ರಿಂದ ಅದಕ್ಕೂ ನೂರಕ್ಕೆ 12 ಬಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು 5ಕ್ಕೆ ಇಳಿಯಿತು. ವಿಮಾನದಲ್ಲಿ ಓಡಾಡುವವರಿಗೆ 2020ರ ಮೇ 25ರಿಂದ 2022ರ ಆಗಸ್ಟ್ ಕೊನೆಯವರೆಗೆ ಸರ್ಕಾರವೇ ದರಕ್ಕೆ ಮಿತಿ ಹಾಕಿತ್ತು. ಮೇಲಿನ ಮಿತಿಯೂ ಇತ್ತು, ಕೆಳಗಿನ ಮಿತಿಯೂ ಇತ್ತು. ಜಗತ್ತಿನಲ್ಲಿ 2019ರಲ್ಲಿ ಸುಮಾರು 146 ಕೋಟಿ ಜನ ದೇಶ ದಾಟಿ ಪ್ರವಾಸ ಹೋಗಿದ್ದರಂತೆ. 2020ರಲ್ಲಿ ಅದು ಕಾಲುಭಾಗಕ್ಕೆ ಕುಸಿಯಿತು. ಹತ್ತಿರಹತ್ತಿರ ಹಳೆಯ ಸಂಖ್ಯೆ ಮುಟ್ಟಿದ್ದು 2024ರಲ್ಲಿ, ಸುಮಾರು 140 ಕೋಟಿ. ಜನ ಮರಳಿದರು, ಹಳೆಯ ದರ ಮರಳಲಿಲ್ಲ.

ಎಲ್ಲವೂ ಏರಿತೆಂದರೆ ಸುಳ್ಳಾಗುತ್ತದೆ. ಚಿತ್ರದುರ್ಗ ಕೋಟೆಯ ಟಿಕೆಟ್ಟು 2018ರಲ್ಲಿ 25 ರೂಪಾಯಿ ಆಗಿತ್ತು. ರೋಗ ಬಂದು ಹೋದ ಮೇಲೂ ಅದೇ ದರಕ್ಕೆ ಬಾಗಿಲು ತೆರೆಯಿತು. ಬ್ರಹ್ಮಗಿರಿಯ ಬಂಡೆಗೆ ಆಗಲೂ ಟಿಕೆಟ್ಟಿಲ್ಲ, ಈಗಲೂ ಇಲ್ಲ.

ಈ ಲೆಕ್ಕವನ್ನೆಲ್ಲ ಬರೆದಿಟ್ಟು ನೋಡಿದಾಗ ನನಗೆ ಹೊಳೆದದ್ದು ಇಷ್ಟು. ದರ ಏರುವುದು ಎರಡು ಬಗೆಯಲ್ಲಿ. ನೂಕುನುಗ್ಗಲಿನಿಂದ ಏರಿದ ದರ ನೂಕುನುಗ್ಗಲು ಕಳೆದ ಮೇಲೆ ಇಳಿಯುತ್ತದೆ. ಜಾತ್ರೆಯ ಮರುದಿನ ತೆಂಗಿನಕಾಯಿ ಇಳಿಯುವ ಹಾಗೆ. ಆದೇಶದಿಂದ ಏರಿದ ದರ ತಾನಾಗಿ ಇಳಿಯುವುದಿಲ್ಲ, ಇನ್ನೊಂದು ಆದೇಶವೇ ಬೇಕು. ಅಂಥ ಆದೇಶ ಬರಬೇಕಾದರೆ ಕೇಳುವ ಬಾಯಿ ಬೇಕು. ಮೊದಲನೆಯದಕ್ಕೆ ಕಾಯುವುದು ಜಾಣತನ. ಎರಡನೆಯದಕ್ಕೆ ಸುಮ್ಮನೆ ಕಾಯುವುದು ಕಾಲ ಕಳೆದುಕೊಳ್ಳುವುದು.

ನಾವು ಈ ವ್ಯತ್ಯಾಸ ತಿಳಿಯದೆ ಕಾದೆವು. 2020ರ ಕೊನೆಗೆ ರೈಲುಗಳು ಓಡತೊಡಗಿದಾಗ ಅಮ್ಮ ಮೆಲ್ಲಗೆ ಕಾಶಿಯ ಮಾತು ತೆಗೆದರು. ತಮ್ಮ ಲೆಕ್ಕ ಹಾಕಿ ಹೇಳಿದ, "ಈಗ ಪೂರಾ ಟಿಕೆಟ್ಟು ಕಣಮ್ಮ, ಹೋಟ್ಲೂ ದುಬಾರಿ. ಸ್ವಲ್ಪ ತಡಿ, ಎಲ್ಲ ಇಳೀಲಿ. ರಿಯಾಯಿತಿ ಮತ್ತೆ ಬರ್ತದೆ." ಅವನದು ಜಿಪುಣತನವಲ್ಲ. ಆ ವರ್ಷ ಅವನಿಗೆ ಅರ್ಧ ಸಂಬಳ. ನಾನೂ ಹೌದೆಂದೆ. ಅಮ್ಮ ಫೋನು ಮಾಡಿ ಅಕ್ಕನಿಗೂ ಅದನ್ನೇ ಹೇಳಿದರು. ದೊಡ್ಡಮ್ಮ, "ಆಗಲಿ ಬಿಡೇ, ಕಾಶಿ ಎಲ್ಲಿಗೆ ಹೋಗ್ತದೆ?" ಎಂದರಂತೆ.

ಕಾಶಿ ಎಲ್ಲಿಗೂ ಹೋಗಲಿಲ್ಲ. 2021ರ ಏಪ್ರಿಲ್ 27ರಿಂದ ರಾಜ್ಯ ಮತ್ತೆ ಬಾಗಿಲು ಹಾಕಿತು. ಮೇ ತಿಂಗಳಲ್ಲಿ ದೊಡ್ಡಮ್ಮ ಹೋದರು. ಐವತ್ತು ಕಿಲೋಮೀಟರು ದೂರದಲ್ಲಿ ಅಕ್ಕ ಸತ್ತರೆ ತಂಗಿಗೆ ಹೋಗಲು ಬಸ್ಸಿಲ್ಲ. ಮಣ್ಣಿಗೆ ಮನೆಯವರೇ ನಾಲ್ಕು ಜನ. ಅಮ್ಮ ಚಳ್ಳಕೆರೆಯ ನಮ್ಮ ನಡುಮನೆಯಲ್ಲಿ ಕುಳಿತು, ಮೊಳಕಾಲ್ಮೂರಿನ ದಿಕ್ಕಿಗೆ ಮುಖ ಮಾಡಿ ತಲೆಗೆ ನೀರು ಹಾಕಿಕೊಂಡರು. ಆ ದಿನ ಒಂದು ಟಿಕೆಟ್ಟಿಗೆ ಅಮ್ಮ ಎಷ್ಟು ಬೇಕಾದರೂ ಕೊಡುತ್ತಿದ್ದರು. ಕೊಳ್ಳಲು ಟಿಕೆಟ್ಟೇ ಇರಲಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ರಾಜ್ಯದ ಒಳಗೆ ಸಾಧಾರಣ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ನೂರೆಂಟು ಗೇಲಿ, ಬೈಗುಳ ಕೇಳಿದ್ದೇವೆ. ಕೆಲಸವಿಲ್ಲದ ಹೆಂಗಸರು ತಿರುಗಲು ಹೊರಟರು ಎಂದವರೂ ಇದ್ದರು. 2025ರ ಜುಲೈ ಹೊತ್ತಿಗೆ ಇಂಥ ಉಚಿತ ಪ್ರಯಾಣಗಳ ಲೆಕ್ಕ 500 ಕೋಟಿ ದಾಟಿತು. ಅಷ್ಟು ಸಲ ಹೋಗಿಬರುವ ಕೆಲಸ ನಮ್ಮ ಹೆಂಗಸರಿಗೆ ಮೊದಲಿಂದಲೂ ಇತ್ತು, ದುಡ್ಡು ಇರಲಿಲ್ಲ, ಅಷ್ಟೇ. ಹಾಗೆಂದು ಎಲ್ಲವೂ ಪುಕ್ಕಟೆಯಲ್ಲ. ನಮ್ಮ ಜಿಲ್ಲೆಯಲ್ಲಿ ಖಾಸಗಿ ಬಸ್ಸುಗಳು ಬಹಳ, ಅಲ್ಲಿ ಈ ಟಿಕೆಟ್ಟು ನಡೆಯದು. ಮಂತ್ರಾಲಯಕ್ಕೊ ತಿರುಪತಿಗೊ ಹೊರಟರೆ ನಡೆಯದು. ಜೊತೆಯಲ್ಲಿ ಬರುವ ಗಂಡನಿಗೆ, ಬೆಳೆದ ಮಗನಿಗೆ ಏರಿದ ದರವೇ. ಬಸ್ಸಿಳಿದ ಮೇಲಿನ ಆಟೊ, ಊಟ, ಕಾಫಿಗೆ ಯಾವ ಯೋಜನೆಯೂ ಇಲ್ಲ.

ಆ ಜೂನಿನ ಮೂರನೆಯ ವಾರ ಅಮ್ಮ ಆಧಾರ್ ಕಾರ್ಡು ಸೆರಗಿನ ಗಂಟಿಗೆ ಕಟ್ಟಿಕೊಂಡು, "ನಡಿಯೇ, ಮೊಳಕಾಲ್ಮೂರಿಗೆ ಹೋಗಿಬರಾಣ" ಎಂದರು. ಯಾರನ್ನೂ ಕೇಳಲಿಲ್ಲ. ತಮ್ಮನಿಗೆ ಹೇಳಿದ್ದು ಚಪ್ಪಲಿ ಮೆಟ್ಟಿದ ಮೇಲೆ. ಬಸ್ಸಿನಲ್ಲಿ ಕಂಡಕ್ಟರು ಕೊಟ್ಟ ಸೊನ್ನೆ ದರದ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಅಕ್ಕ ಇದ್ದಿದ್ರೆ ಇದಕ್ಕೇನನ್ನೋಳೋ" ಎಂದರು. ಅರ್ಧ ಟಿಕೆಟ್ಟಿಗೆ ಅಷ್ಟು ಹಿಗ್ಗಿದವರು ಸೊನ್ನೆ ಟಿಕೆಟ್ಟಿಗೆ ಏನನ್ನುತ್ತಿದ್ದರೋ, ನನಗೂ ಹೊಳೆಯಲಿಲ್ಲ.

ದೊಡ್ಡಮ್ಮನ ಮನೆಯಲ್ಲಿ ಮಗ್ಗ ಮತ್ತೆ ಆಡುತ್ತಿತ್ತು. ಊಟ ಮಾಡಿ, ಮರುದಿನ ಆಟೊ ಮಾಡಿಕೊಂಡು ಜಟಿಂಗ ರಾಮೇಶ್ವರದ ಬೆಟ್ಟಕ್ಕೆ ಹೋದೆವು. ಐವತ್ತು ಕಿಲೋಮೀಟರಿನ ಬಸ್ಸು ಪುಕ್ಕಟೆ. ಈ ತುಂಡು ದಾರಿಯ ಆಟೊಗೆ ನಾನು ಚೌಕಾಸಿ ಮಾಡಿ ಸೋತೆ. ರಾವಣನೊಡನೆ ಹೋರಾಡಿ ಬಿದ್ದ ಜಟಾಯು ಪ್ರಾಣ ಬಿಟ್ಟದ್ದು ಇಲ್ಲಿ, ರಾಮ ಅವನಿಗೆ ಕೊನೆಯ ಸಂಸ್ಕಾರ ಮಾಡಿ ಲಿಂಗ ಸ್ಥಾಪಿಸಿದ್ದು ಇಲ್ಲಿ ಎಂಬುದು ನಮ್ಮ ಕಡೆಯ ನಂಬಿಕೆ. ಬಂಧುಬಳಗ ಯಾರೂ ಹತ್ತಿರವಿಲ್ಲದ ಹಕ್ಕಿಗೆ ದಾರಿಹೋಕನೊಬ್ಬ ಮಗನಾದ ಜಾಗ. ಅಮ್ಮನ ಮಂಡಿ ಪೂರ್ತಿ ಬೆಟ್ಟ ಹತ್ತಲು ಬಿಡಲಿಲ್ಲ. ಒಂದಿಷ್ಟು ಮೆಟ್ಟಿಲು ಹತ್ತಿ, ನೆರಳಿದ್ದಲ್ಲಿ ಕುಳಿತು, ತಂದಿದ್ದ ನೀರನ್ನು ಬಂಡೆಯ ಮೇಲೆ ಮೆಲ್ಲಗೆ ಬಿಟ್ಟರು. ಎರಡು ವರ್ಷದಿಂದ ಅವರು ಅಳದೆ ಇಟ್ಟುಕೊಂಡಿದ್ದನ್ನು ಅಲ್ಲಿ ಅತ್ತರು. ನಾನು ಸುಮ್ಮನೆ ಪಕ್ಕದಲ್ಲಿ ಕುಳಿತಿದ್ದೆ.

ಇಳಿಯುವಾಗ ಅಮ್ಮ ಕೇಳಿದರು, "ಕಾಶಿಗೆ ಪೂರಾ ಟಿಕೀಟು ಎಷ್ಟಾಗ್ತದೆ ಈಗ?" ನಾನು ಹೇಳಿದೆ. "ಕೊಡಾಣ ಬಿಡು" ಎಂದರು. ತಾವೇ ಕೂಡಿಟ್ಟ ದುಡ್ಡಿದೆ ಎಂದು ಆಮೇಲೆ ತಿಳಿಯಿತು. ಬಸ್ಸಿಗೆ ಹೋಗದೆ ಉಳಿದದ್ದೂ ಅದರಲ್ಲಿ ಸೇರುತ್ತಾ ಬಂತು.

ಆ ವರ್ಷ ಕಾರ್ತಿಕ ಕಳೆದು ಜನಸಂದಣಿ ಕಡಿಮೆಯಾದ ಮೇಲೆ ಅಮ್ಮ ಕಾಶಿ ನೋಡಿಬಂದರು, ಪೂರಾ ಟಿಕೆಟ್ಟು ಕೊಟ್ಟು. ಆ ಟಿಕೆಟ್ಟನ್ನು ಮಾತ್ರ ಡಬ್ಬಿಯಲ್ಲಿ ಇಟ್ಟುಕೊಳ್ಳಲಿಲ್ಲ. ಡಬ್ಬಿಯ ತಳದಲ್ಲಿ ಈಗಲೂ ಇರುವುದು 2020ರ ಆ ಹಾಳೆಯೇ, ಇಬ್ಬರ ಹೆಸರಿನ ಮುಂದೆಯೂ ಅರ್ಧ ದರ ಹಾಕಿದ್ದು.